ಅನ್ನಾ ಎಲ್ಲಿಗೆ ಹೋದಳು?

1960ರ ಕಾನ್ ಚಿತ್ರೋತ್ಸವದಲ್ಲಿ ಮೈಕೆಲಾಂಜೆಲೊ ಆಂಟೋನಿಯೋನಿಯ ‘ಲಾವೆಂತೂರಾ’ ಮೊದಲ ಬಾರಿಗೆ ತೆರೆಯ ಮೇಲೆ ಬಂದಾಗ ಸಭಾಂಗಣದಲ್ಲಿದ್ದ ಹಲವರು ನಕ್ಕರು, ಕೂಗಿದರು, ಗೇಲಿ ಮಾಡಿದರು. ಸಿರಿವಂತರ ಗುಂಪೊಂದು ವಿಹಾರನೌಕೆಯಲ್ಲಿ ಸಿಸಿಲಿಯ ಬಳಿಯ ಬರಡು ದ್ವೀಪವೊಂದಕ್ಕೆ ಹೋಗುತ್ತದೆ. ಅಲ್ಲಿ ಅನ್ನಾ ಎಂಬ ಯುವತಿ ಇದ್ದಕ್ಕಿದ್ದಂತೆ ಕಾಣೆಯಾಗುತ್ತಾಳೆ. ಅವಳ ಪ್ರಿಯಕರ ಸಾಂಡ್ರೊ ಮತ್ತು ಗೆಳತಿ ಕ್ಲಾಡಿಯಾ ಅವಳನ್ನು ಹುಡುಕಲು ಹೊರಡುತ್ತಾರೆ. ಹುಡುಕುತ್ತ ಹುಡುಕುತ್ತ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ. ಚಿತ್ರ ಮುಗಿಯುತ್ತದೆ, ಅನ್ನಾ ಸಿಗುವುದಿಲ್ಲ. ಮರುದಿನ ರೊಸೆಲ್ಲಿನಿಯೂ ಸೇರಿದಂತೆ ಹಲವು ಚಿತ್ರಕರ್ಮಿಗಳು ಮತ್ತು ವಿಮರ್ಶಕರು ಚಿತ್ರದ ಪರವಾದ ಹೇಳಿಕೆಯೊಂದಕ್ಕೆ ಸಹಿ ಹಾಕಿದರು. ಕೊನೆಗೆ ಅದಕ್ಕೆ ತೀರ್ಪುಗಾರರ ಪ್ರಶಸ್ತಿಯೂ ಬಂತು. ಹಾಗಿದ್ದರೂ ಅಂದು ಕೂಗಾಡಿದವರ ಬಗ್ಗೆ ನನಗೆ ತಾತ್ಸಾರವಿಲ್ಲ. ಕಥೆಯ ಮೊದಲ ಭಾಗದಲ್ಲಿ ಒಬ್ಬಳು ಕಾಣೆಯಾದರೆ ಕೊನೆಯ ಭಾಗದಲ್ಲಿ ಅವಳು ಜೀವಂತವಾಗಿಯೋ ಹೆಣವಾಗಿಯೋ ಸಿಗಲೇಬೇಕು ಎಂದು ಅವರಿಗೆ ಕಲಿಸಿಕೊಟ್ಟದ್ದು ಸಿನಿಮಾವೇ ಅಲ್ಲವೇ? ತಾನೇ ಕಲಿಸಿದ ಪಾಠವನ್ನು ಸಿನಿಮಾ ಅಂದು ತಾನೇ ಮುರಿಯಿತು. ಅವರು ಸಿಟ್ಟಾದರು ಎಂದರೆ ಕೊನೆಯವರೆಗೂ ಗಮನವಿಟ್ಟು ನೋಡುತ್ತಿದ್ದರು ಎಂದೇ ಅರ್ಥ.

ಇಂಥ ಚಿತ್ರಗಳ ಬಗ್ಗೆ ಮಾತು ಬಂದಾಗಲೆಲ್ಲ ಎರಡು ನಿಲುವುಗಳು ಎದುರಾಗುತ್ತವೆ. ಉತ್ತರ ಚಿತ್ರದೊಳಗೇ ಎಲ್ಲೋ ಅಡಗಿದೆ, ಜಾಣ ಪ್ರೇಕ್ಷಕ ಸುಳಿವುಗಳನ್ನು ಜೋಡಿಸಿ ಅದನ್ನು ಹೊರಗೆಳೆಯಬೇಕು ಎನ್ನುವವರು ಒಂದು ಕಡೆ. ‘ಕ್ಲೈಮ್ಯಾಕ್ಸ್‌ನ ನಿಜವಾದ ಅರ್ಥ’ ಎಂದು ಹತ್ತು ನಿಮಿಷದಲ್ಲಿ ವಿವರಿಸಿ ಮುಗಿಸುವ ವಿಡಿಯೋಗಳೆಲ್ಲ ಈ ನಂಬಿಕೆಯ ಸಂತಾನ. ಇನ್ನೊಂದು ಕಡೆ, ಯಾರಿಗೆ ಹೇಗೆ ತೋಚುತ್ತದೋ ಅದೇ ಅರ್ಥ, ವಾದಿಸುವುದಕ್ಕೆ ಏನೂ ಇಲ್ಲ ಎನ್ನುವ ಉದಾರಿಗಳು. ನೋಡುವುದಕ್ಕೆ ಎದುರುಬದುರಾಗಿ ಕಂಡರೂ ಈ ಎರಡೂ ನಿಲುವುಗಳ ಸ್ವಭಾವ ಒಂದೇ ಎಂದು ನನಗೆ ಅನ್ನಿಸುತ್ತದೆ: ಚಿತ್ರದ ಜೊತೆ ಹೆಚ್ಚು ಹೊತ್ತು ಇರಬೇಕಾದ ಕಷ್ಟವನ್ನು ಎರಡೂ ತಪ್ಪಿಸಿಬಿಡುತ್ತವೆ. ಉತ್ತರ ಸಿಕ್ಕಿದವನಿಗೆ ಮತ್ತೆ ನೋಡುವ ಅಗತ್ಯವಿಲ್ಲ. ಎಲ್ಲ ಉತ್ತರವೂ ಸರಿ ಎನ್ನುವವನಿಗೆ ಒಮ್ಮೆಯೂ ಸರಿಯಾಗಿ ನೋಡುವ ಅಗತ್ಯವಿಲ್ಲ.

ಅರ್ಥದಲ್ಲಿ ನೋಡುಗನ ಪಾಲೂ ಇದೆ ಎಂಬುದು ಸಿನಿಮಾದ ಬಾಲ್ಯದಲ್ಲೇ ತಿಳಿದಿದ್ದ ಸಂಗತಿ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ನಡೆಸಿದ ಪ್ರಯೋಗವನ್ನು ಇನ್ನೊಬ್ಬ ನಿರ್ದೇಶಕ ಪುಡೋವ್ಕಿನ್ ಬರೆದಿಟ್ಟಿದ್ದಾನೆ. ನಟ ಮೊಜ್ಜೂಖಿನ್‌ನ ಯಾವ ಭಾವವನ್ನೂ ತೋರದ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯಲ್ಲಿದ್ದ ಹೆಂಗಸಿನ ಪಕ್ಕ, ಒಮ್ಮೆ ಆಟವಾಡುವ ಮಗುವಿನ ಪಕ್ಕ ಜೋಡಿಸಿ ತೋರಿಸಿದಾಗ ಪ್ರೇಕ್ಷಕರು ಆ ಮುಖದಲ್ಲಿ ಕ್ರಮವಾಗಿ ಚಿಂತೆ, ದುಃಖ, ನಸುನಗೆಗಳನ್ನು ಕಂಡು ನಟನ ಪ್ರತಿಭೆಯನ್ನು ಕೊಂಡಾಡಿದರಂತೆ. ಎರಡು ಚಿತ್ರಿಕೆಗಳ ನಡುವಿನ ಸಂದಿಯಲ್ಲಿ ನಾವು ನಮ್ಮದನ್ನು ತುಂಬುತ್ತೇವೆ. ಸಾಮಾನ್ಯ ಚಿತ್ರಗಳಲ್ಲೂ ಇದು ಕ್ಷಣಕ್ಷಣಕ್ಕೂ ನಡೆಯುತ್ತದೆ, ಆದರೆ ನಾವು ತುಂಬಿದ್ದು ಸರಿಯೋ ತಪ್ಪೋ ಎಂದು ಮುಂದಿನ ದೃಶ್ಯ ಹೇಳಿಬಿಡುತ್ತದೆ. ಸಂದಿಗ್ಧ ಚಿತ್ರ ಹಾಗೆ ಹೇಳದೆ ಸುಮ್ಮನಿರುತ್ತದೆ. ನಾವು ತುಂಬಿದ್ದು ನಮ್ಮ ಕಣ್ಣೆದುರೇ ಉಳಿದುಬಿಡುತ್ತದೆ.

ಹಾಗೆಂದು ತುಂಬಿದ್ದೆಲ್ಲ ಸಲ್ಲುತ್ತದೆಯೇ? ನಮ್ಮ ಕಾವ್ಯಮೀಮಾಂಸೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿತ್ತು. 9ನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಒಂದು ಪ್ರಾಕೃತ ಪದ್ಯವನ್ನು ಉದಾಹರಿಸುತ್ತಾನೆ. ಅದರಲ್ಲಿ ಒಬ್ಬ ಹೆಣ್ಣು ಧರ್ಮಿಷ್ಠನೊಬ್ಬನಿಗೆ, ನೀನಿನ್ನು ನಿಶ್ಚಿಂತೆಯಿಂದ ಓಡಾಡಬಹುದು, ಆ ನಾಯಿಯನ್ನು ಗೋದಾವರಿ ತೀರದ ಪೊದೆಯಲ್ಲಿರುವ ಸಿಂಹ ಕೊಂದುಹಾಕಿತು ಎನ್ನುತ್ತಾಳೆ. ಮಾತು ಅಪ್ಪಣೆಯದು, ಧ್ವನಿ, ಅಂದರೆ ಹೇಳದೆ ಸೂಚಿಸುವ ಅರ್ಥ, ನಿಷೇಧದ್ದು: ನಾಯಿಗೆ ಹೆದರುತ್ತಿದ್ದವನು ಸಿಂಹವಿರುವ ಕಡೆ ಬಂದಾನೆಯೇ? ಅವಳು ನಲ್ಲನನ್ನು ಕೂಡುವ ಜಾಗ ಅದೇ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಹೇಳದೆ ಬಿಟ್ಟ ಅರ್ಥ ಎಷ್ಟು ಖಚಿತವಾಗಿದೆ ಎಂಬುದು. ಪದ್ಯದಲ್ಲಿರುವ ನಾಯಿ, ಸಿಂಹ, ಪೊದೆ, ನದಿತೀರಗಳಲ್ಲಿ ಯಾವ ಒಂದನ್ನು ತೆಗೆದರೂ ಧ್ವನಿ ಕುಸಿಯುತ್ತದೆ. ಅಂದರೆ ಸೂಚ್ಯಾರ್ಥವು ಓದುಗನ ಮನಸ್ಸಿನಲ್ಲಿ ಹುಟ್ಟಿದರೂ ಪದ್ಯದ ವಿವರಗಳಿಗೆ ಋಣಿಯಾಗಿಯೇ ಹುಟ್ಟುತ್ತದೆ. ಈ ಪದ್ಯದ ಧ್ವನಿ ಕೊನೆಗೆ ಒಂದೇ ಕಡೆ ಹೋಗಿ ನಿಲ್ಲುತ್ತದೆ, ನಾನು ಹೇಳುತ್ತಿರುವ ಚಿತ್ರಗಳ ಧ್ವನಿ ಹಾಗೆ ನಿಲ್ಲುವುದಿಲ್ಲ ಎಂಬ ವ್ಯತ್ಯಾಸ ಇದ್ದೇ ಇದೆ. ಆದರೂ ಆ ಋಣದ ಮಾತು ಎರಡಕ್ಕೂ ಸಲ್ಲುತ್ತದೆ.

‘ಲಾವೆಂತೂರಾ’ವನ್ನು ನಾನು ಮೊದಲು ನೋಡಿದಾಗ ಇಪ್ಪತ್ತರ ಆಸುಪಾಸಿನಲ್ಲಿದ್ದೆ. ಬಂಡೆಗಳು, ಗಾಳಿ, ಕ್ಲಾಡಿಯಾ ಆಗಿ ನಟಿಸಿದ ಮೋನಿಕಾ ವಿಟ್ಟಿಯ ಮುಖ ನೆನಪಿನಲ್ಲಿ ಉಳಿದವು. ಉಳಿದದ್ದು ಶ್ರೀಮಂತರ ಬೇಸರದ ಕಥೆಯಾಗಿ ಕಂಡಿತು. ಬಹಳ ವರ್ಷಗಳ ನಂತರ ಎರಡನೆಯ ಸಲ ನೋಡುವ ಹೊತ್ತಿಗೆ ನನ್ನ ಬದುಕಿನಲ್ಲೂ ಒಬ್ಬ ಕಾಣೆಯಾಗಿದ್ದ. ಸತ್ತಿರಲಿಲ್ಲ, ಓದಿನ ದಿನಗಳ ಆಪ್ತ ಗೆಳೆಯನೊಬ್ಬ ಕಾರಣ ಹೇಳದೆ ಎಲ್ಲರ ಸಂಪರ್ಕವನ್ನೂ ಕಡಿದುಕೊಂಡು ಹೊರಟುಹೋಗಿದ್ದ. ಮೊದಮೊದಲು ನಾವು ಕೆಲವರು ಅವನಿಗಾಗಿ ವಿಚಾರಿಸಿದೆವು, ಪತ್ರ ಬರೆದೆವು, ಅವನನ್ನು ಕಂಡೆವೆಂದವರ ಬೆನ್ನು ಹತ್ತಿದೆವು. ಆಮೇಲೆ ಅವನ ಬಗ್ಗೆ ವಿಚಾರಿಸುವುದಕ್ಕಾಗಿ ಸೇರುತ್ತಿದ್ದ ನಾವು ಬರೇ ಸೇರತೊಡಗಿದೆವು. ಇನ್ನು ಹುಡುಕುವುದು ಬೇಡ ಎಂದು ಯಾರೂ ಯಾವತ್ತೂ ತೀರ್ಮಾನ ಮಾಡಿದ್ದಿಲ್ಲ.

ಎರಡನೆಯ ವೀಕ್ಷಣೆಯಲ್ಲಿ ನಾನು ಕಂಡದ್ದು ಇದನ್ನೇ. ಅನ್ನಾಳನ್ನು ಹುಡುಕುವುದನ್ನು ಕೈಬಿಟ್ಟ ಕ್ಷಣ ಎಂದು ಬೆರಳಿಟ್ಟು ತೋರಿಸಬಹುದಾದ ದೃಶ್ಯವೊಂದೂ ಆ ಚಿತ್ರದಲ್ಲಿಲ್ಲ. ದ್ವೀಪದ ಮೇಲಿನ ಹುಡುಕಾಟ ನೋಡುವವರ ತಾಳ್ಮೆಯನ್ನು ಪರೀಕ್ಷಿಸುವಷ್ಟು ದೀರ್ಘವಾಗಿದೆ. ನಂತರ ಅವಳ ಹೆಸರು ಮಾತಿನಲ್ಲಿ ವಿರಳವಾಗುತ್ತ ಹೋಗುತ್ತದೆ. ಹುಡುಕಾಟವೆಂಬುದು ಪ್ರಯಾಣಕ್ಕೆ ನೆಪವಾಗುತ್ತದೆ, ಪ್ರಯಾಣ ಪ್ರಣಯಕ್ಕೆ ನೆಪವಾಗುತ್ತದೆ. ಕಾಣೆಯಾಗುವ ಮುನ್ನ ಅನ್ನಾ ತನ್ನ ಮೇಲಂಗಿಯೊಂದನ್ನು ಗೆಳತಿಗೆ ಕೊಟ್ಟಿರುತ್ತಾಳೆ, ಕ್ಲಾಡಿಯಾ ಅದನ್ನು ತೊಟ್ಟುಕೊಳ್ಳುತ್ತಾಳೆ. ಕೊನೆಕೊನೆಗೆ ಕ್ಲಾಡಿಯಾಳೇ ಬಾಯಿಬಿಟ್ಟು ಹೇಳುತ್ತಾಳೆ: ಕೆಲವೇ ದಿನಗಳ ಹಿಂದೆ ಅನ್ನಾ ಸತ್ತಿರಬಹುದು ಎಂಬ ಯೋಚನೆಯೇ ತನ್ನನ್ನು ಕೊಲ್ಲುತ್ತಿತ್ತು, ಈಗ ಅವಳು ಬದುಕಿರಬಹುದು ಎಂಬ ಭಯ ಕಾಡುತ್ತಿದೆ. ಮೊದಲ ಸಲ ಈ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ ಎಂದರೆ ನಂಬಬೇಕು. ಎರಡನೆಯ ಸಲ ಅದು ಇಡೀ ಚಿತ್ರದ ನಡುಗಂಬವಾಗಿ ನಿಂತಿತು, ಏಕೆಂದರೆ ಗೆಳೆಯ ಒಂದು ದಿನ ಬಾಗಿಲು ತಟ್ಟಿದರೆ ಏನು ಹೇಳಬೇಕು ಎಂಬ ಅಳುಕು ನನ್ನೊಳಗೂ ಆ ಹೊತ್ತಿಗೆ ಬಂದು ಕೂತಿತ್ತು.

ಇದು ನನ್ನ ಸ್ವಂತದ ಅರ್ಥ. ಆದರೆ ಸ್ವಂತದ್ದು ಎಂಬ ಕಾರಣಕ್ಕೆ ಅದು ಪರೀಕ್ಷೆಗೆ ಹೊರತಾಗುವುದಿಲ್ಲ. ಅದಕ್ಕೆ ಆಧಾರವಾಗಿ ಮೇಲಂಗಿಯಿದೆ, ವಿರಳವಾಗುವ ಹೆಸರಿದೆ, ಕ್ಲಾಡಿಯಾಳ ಮಾತಿದೆ. ಅದೇ ಉತ್ಸಾಹದಲ್ಲಿ ನಾನು, ಅನ್ನಾ ಬೇಕೆಂದೇ ಎಲ್ಲರನ್ನೂ ತೊರೆದು ಬೇರೆ ಬದುಕು ಕಟ್ಟಿಕೊಂಡಳು ಎಂದೂ ಹೇಳಬಹುದಿತ್ತು; ಗೆಳೆಯನ ವಿಷಯದಲ್ಲಿ ಹಾಗೆ ನಂಬಿಕೊಳ್ಳುವುದು ನನಗೆ ಸಮಾಧಾನವನ್ನೂ ಕೊಡುತ್ತಿತ್ತು. ಆದರೆ ದ್ವೀಪದ ಬಳಿ ಕೇಳಿಬರುವ ದೋಣಿಯೊಂದರ ಸದ್ದಿನ ಹೊರತು ಚಿತ್ರ ಆ ನಂಬಿಕೆಗೆ ಹೆಚ್ಚೇನನ್ನೂ ಕೊಡುವುದಿಲ್ಲ, ಮತ್ತು ಆ ಸದ್ದು ಯಾವುದನ್ನೂ ಸಾಬೀತು ಮಾಡುವಷ್ಟು ಗಟ್ಟಿಯಾಗಿಲ್ಲ. ನನಗೆ ಬೇಕಾದ ಅರ್ಥವನ್ನು ಚಿತ್ರ ಕೊಡಲು ನಿರಾಕರಿಸಿದ್ದು, ನನಗೆ ಬೇಡವಾಗಿದ್ದ ಅರ್ಥವನ್ನು ತಂದು ಮುಂದಿಟ್ಟದ್ದು, ಇವೆರಡೂ ಸೇರಿಯೇ ನಾನು ಅದನ್ನು ನಂಬಲು ಕಾರಣವಾದವು. ಚಿತ್ರವೊಂದು ನಮಗೆ ಹಿತವಾದದ್ದನ್ನು ಮಾತ್ರ ಹೇಳುತ್ತಿದೆ ಎಂದು ಅನ್ನಿಸಿದಾಗ ನಾನು ಸ್ವಲ್ಪ ಅನುಮಾನಪಡುತ್ತೇನೆ. ಆಗ ಮಾತಾಡುತ್ತಿರುವುದು ಚಿತ್ರವಲ್ಲ, ನಾವೇ ಇರಬಹುದು.

ಆಂದ್ರೇಯ್ ತಾರ್ಕೋವ್‌ಸ್ಕಿಯ ‘ಮಿರರ್’ ಬಿಡುಗಡೆಯಾದದ್ದು 1975ರಲ್ಲಿ. ತಾಯಿಯ ಯೌವನವನ್ನೂ ನಾಯಕನ ಹೆಂಡತಿಯನ್ನೂ ಒಬ್ಬಳೇ ನಟಿ ವಹಿಸುವ, ಸುದ್ದಿಚಿತ್ರಗಳ ತುಣುಕುಗಳು ಕನಸುಗಳ ಪಕ್ಕದಲ್ಲಿ ಬಂದು ಕೂರುವ, ನಿರ್ದೇಶಕನ ತಂದೆ ತನ್ನ ಕವಿತೆಗಳನ್ನು ತಾನೇ ಓದುವ, ಕಾಲಾನುಕ್ರಮವನ್ನೇ ಕೈಬಿಟ್ಟ ಚಿತ್ರ ಅದು. ಪ್ರೇಕ್ಷಕರಿಂದ ಬಂದ ಪತ್ರಗಳ ಬಗ್ಗೆ ತಾರ್ಕೋವ್‌ಸ್ಕಿ ಆಮೇಲೆ ಬರೆದಿದ್ದಾನೆ. ಅರ್ಧ ಗಂಟೆಗೇ ಎದ್ದುಹೋದೆ, ಏನೂ ತಿಳಿಯಲಿಲ್ಲ ಎಂದವರಿದ್ದರು. ತನ್ನ ಬಾಲ್ಯ ಹೀಗೆಯೇ ಇತ್ತು, ಅದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದ ಹೆಣ್ಣುಮಗಳೂ ಇದ್ದಳು. ಅತ್ಯಂತ ಖಾಸಗಿಯಾದ ಚಿತ್ರವೊಂದು ಅಪರಿಚಿತಳ ಬಾಲ್ಯವಾಗಿಬಿಟ್ಟದ್ದು ಹೇಗೆ? ಸಾಮಾನ್ಯೀಕರಿಸಿದರೆ ಎಲ್ಲರಿಗೂ ತಲುಪುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ತಾರ್ಕೋವ್‌ಸ್ಕಿ ಹಿಡಿದದ್ದು ಅದರ ವಿರುದ್ಧದ ದಾರಿ. ತನ್ನ ಬಾಲ್ಯದ ಮನೆಯನ್ನು ಅದು ಇದ್ದ ಜಾಗದಲ್ಲೇ ಮತ್ತೆ ಕಟ್ಟಿಸಿದ. ಮನೆಯ ಮುಂದಿನ ಹೊಲದಲ್ಲಿ ಆಗ ಬಿಳಿ ಹೂಬಿಡುವ ಬಕ್‌ವೀಟ್ ಬೆಳೆಯುತ್ತಿತ್ತೆಂಬುದು ಅವನ ನೆನಪು. ಅಲ್ಲಿ ಅದು ಬರುವುದಿಲ್ಲ ಎಂದು ಸಾಮೂಹಿಕ ಕೃಷಿಕ್ಷೇತ್ರದವರು ಹೇಳಿದರೂ ಕೇಳದೆ ಬಿತ್ತಿಸಿದ, ಅದು ಹೂಬಿಟ್ಟಿತು. ಪತ್ರ ಬರೆದ ಆ ಹೆಣ್ಣುಮಗಳ ಮನೆಯ ಮುಂದೆ ಅದೇ ಹೊಲವೇನೂ ಇದ್ದಿರಲಾರದು. ಆದರೂ ಒಬ್ಬನ ನೆನಪು ಇಷ್ಟು ನಿಖರವಾಗಿ ಎದುರು ನಿಂತಾಗ ನೋಡುವವರ ನೆನಪೂ ಅಷ್ಟೇ ನಿಖರವಾಗಲು ಹವಣಿಸುತ್ತದೆ. ‘ಧ್ವನ್ಯಾಲೋಕ’ಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಸಹೃದಯನ ಲಕ್ಷಣ ಹೇಳುವಾಗ, ಕಾವ್ಯದ ಅಭ್ಯಾಸದಿಂದ ತಿಳಿಯಾದ ಮನಸ್ಸೆಂಬ ಕನ್ನಡಿಯ ಮಾತಾಡುತ್ತಾನೆ. ತಾರ್ಕೋವ್‌ಸ್ಕಿಗೆ ಅದು ಗೊತ್ತಿರಬೇಕಾಗಿಲ್ಲ. ಆದರೆ ಅವನ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಪ್ರವೇಶಿಕೆಯನ್ನು ನಾನು ಕಂಡಿಲ್ಲ.

ಈ ನಿಖರತೆಯಿಲ್ಲದ ಸಂದಿಗ್ಧತೆಯನ್ನು ನಾನು ಮಬ್ಬು ಎನ್ನುತ್ತೇನೆ, ಮತ್ತು ಮಬ್ಬಿನ ಬಗ್ಗೆ ನನಗೆ ಸಹನೆ ಕಡಿಮೆ. ಕಥೆಯನ್ನು ಮುಗಿಸಲು ತಿಳಿಯದೆ ಮುಗಿಸದೆ ಬಿಟ್ಟವರೂ ತಮ್ಮದು ಮುಕ್ತ ಅಂತ್ಯ ಎಂದು ಹೇಳಿಕೊಳ್ಳುತ್ತಾರೆ. ಅಂಥ ಚಿತ್ರಗಳಲ್ಲಿ ಪ್ರಶ್ನೆಯೇ ಅಸ್ಪಷ್ಟವಾಗಿರುತ್ತದೆ. ಒಳ್ಳೆಯ ಚಿತ್ರಗಳಲ್ಲಿ ಪ್ರಶ್ನೆ ಚೂರಿಯ ಮೊನೆಯಷ್ಟು ಸ್ಪಷ್ಟ, ಉತ್ತರ ಮಾತ್ರ ಇರುವುದಿಲ್ಲ. ಇನ್ನು, ನಿಖರವಾಗಿದ್ದೂ ನನಗೆ ಒಲಿಯದ ಚಿತ್ರಗಳೂ ಇವೆ ಎಂಬುದನ್ನು ಒಪ್ಪಬೇಕು. ಅಲೆನ್ ರೆನೆಯ ‘ಲಾಸ್ಟ್ ಇಯರ್ ಅಟ್ ಮರಿಯನ್‌ಬಾದ್’ (1961) ಅಂಥದ್ದು. ಕಳೆದ ವರ್ಷ ನಾವು ಭೇಟಿಯಾಗಿದ್ದೆವು ಎಂದು ಒಬ್ಬ ಹೇಳುತ್ತಲೇ ಇರುತ್ತಾನೆ, ಆಕೆ ಇಲ್ಲವೆನ್ನುತ್ತಲೇ ಇರುತ್ತಾಳೆ; ಉದ್ಯಾನದಲ್ಲಿ ನಿಂತ ಮನುಷ್ಯರಿಗೆ ಉದ್ದನೆಯ ನೆರಳುಗಳಿವೆ, ಗಿಡಗಳಿಗಿಲ್ಲ. ಅದರ ಕುಸುರಿಗೆ ನಾನು ಬೆರಗಾಗುತ್ತೇನೆ, ಆದರೆ ಪ್ರತಿ ಸಲವೂ ಹೊರಗೇ ಉಳಿಯುತ್ತೇನೆ. ಬಹುಶಃ ಅಲ್ಲಿರುವ ಜನಕ್ಕೆ ಕಳೆದುಕೊಳ್ಳುವುದಕ್ಕೆ ಏನಿದೆ ಎಂಬುದು ನನಗೆ ಕಾಣುವುದಿಲ್ಲ. ಬೇರೆಯವರಿಗೆ ಕಾಣಬಹುದು.

ಏನನ್ನೋ ಕಳೆದುಕೊಳ್ಳುವವನ ಚಿತ್ರವೆಂದರೆ ಅಬ್ಬಾಸ್ ಕಿಯರೊಸ್ತಾಮಿಯ ‘ಟೇಸ್ಟ್ ಆಫ್ ಚೆರಿ’ (1997). ಬದೀ ಎಂಬ ಮಧ್ಯವಯಸ್ಕ ಟೆಹರಾನಿನ ಹೊರವಲಯದ ಮಣ್ಣುಗುಡ್ಡಗಳ ನಡುವೆ ಕಾರು ಓಡಿಸುತ್ತ, ತನ್ನನ್ನು ಮಣ್ಣುಮಾಡುವವರೊಬ್ಬರನ್ನು ಹುಡುಕುತ್ತಿದ್ದಾನೆ. ಗುಂಡಿ ಸಿದ್ಧವಾಗಿದೆ. ಬೆಳಗ್ಗೆ ಬಂದು ಎರಡು ಸಲ ಹೆಸರು ಹಿಡಿದು ಕೂಗಬೇಕು; ಓಗೊಟ್ಟರೆ ಕೈಹಿಡಿದು ಎಬ್ಬಿಸಬೇಕು, ಇಲ್ಲವಾದರೆ ಇಪ್ಪತ್ತು ಸಲಿಕೆ ಮಣ್ಣು ಹಾಕಬೇಕು. ಅವನು ಸಾಯಬಯಸುವುದು ಏಕೆ ಎಂದು ಚಿತ್ರ ಒಮ್ಮೆಯೂ ಹೇಳುವುದಿಲ್ಲ. ಇದನ್ನು ಹಲವರು ಕೊರತೆ ಎಂದು ಭಾವಿಸಿದ್ದಾರೆ. ಕಾರಣ ಹೇಳಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ: ಸಾಲವೋ, ರೋಗವೋ, ಮುರಿದ ಸಂಸಾರವೋ ಆಗಿದ್ದರೆ ನಾವು ತಕ್ಷಣ ನ್ಯಾಯಾಧೀಶರಾಗಿ, ಇಷ್ಟಕ್ಕೆ ಸಾಯಬೇಕೇ ಎಂದೋ, ಪಾಪ, ಇನ್ನೇನು ತಾನೆ ಮಾಡಿಯಾನು ಎಂದೋ ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆವು. ಕಾರಣವನ್ನು ತಡೆಹಿಡಿದು ಕಿಯರೊಸ್ತಾಮಿ ಆ ದಾರಿಯನ್ನು ಮುಚ್ಚುತ್ತಾನೆ. ಕಾರಿನ ಪಕ್ಕದ ಸೀಟಿನಲ್ಲಿ ಕೂರುವ ಸೈನಿಕ, ಧರ್ಮಶಾಸ್ತ್ರದ ವಿದ್ಯಾರ್ಥಿ, ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬುವ ಮುದುಕ, ಇವರಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ ಗೊತ್ತು. ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂಬ ಇಕ್ಕಟ್ಟು ಅವರದ್ದಾಗಿರುವಷ್ಟೇ ನಮ್ಮದೂ ಆಗುತ್ತದೆ.

ಈ ಚಿತ್ರದಲ್ಲಿ ನನ್ನನ್ನು ಹಿಡಿದಿರುವುದು ಒಂದು ಸಣ್ಣ ಪ್ರಸಂಗ. ಮುದುಕ ಒಪ್ಪಿಕೊಂಡಿದ್ದಾನೆ, ಅವನನ್ನು ಕೆಲಸದ ಜಾಗಕ್ಕೆ ಬಿಟ್ಟು ಬದೀ ಹೊರಟೂ ಆಗಿದೆ. ಆಮೇಲೆ ಏನೋ ಹೊಳೆದವನಂತೆ ತಿರುಗಿ ಓಡಿಬಂದು ಮುದುಕನನ್ನು ಹೊರಗೆ ಕರೆಸಿ ಕೇಳಿಕೊಳ್ಳುತ್ತಾನೆ: ಬರೇ ಕೂಗಿದರೆ ಸಾಲದು, ಎರಡು ಸಣ್ಣ ಕಲ್ಲುಗಳನ್ನೂ ಎಸೆಯಿರಿ, ನಾನು ನಿದ್ದೆ ಹೋಗಿರಬಹುದು, ಭುಜ ಹಿಡಿದು ಅಲುಗಾಡಿಸಿ, ಬದುಕಿರಲೂಬಹುದು. ಸಾಯಲು ಇಷ್ಟೆಲ್ಲ ಏರ್ಪಾಡು ಮಾಡಿಕೊಂಡವನು ಬದುಕಿರುವ ಸಾಧ್ಯತೆಗಾಗಿ ಓಡಿಬಂದಿದ್ದಾನೆ. ಕೊನೆಯಲ್ಲಿ ಗುಂಡಿಯೊಳಗಿನ ಕತ್ತಲು ತೆರೆಯನ್ನೆಲ್ಲ ಆವರಿಸುತ್ತದೆ, ನಂತರ ವಿಡಿಯೋದಲ್ಲಿ ಚಿತ್ರೀಕರಿಸಿದ ಬೇರೆಯೇ ದೃಶ್ಯಗಳು ಬರುತ್ತವೆ: ಹಸಿರು ಗುಡ್ಡ, ಕ್ಯಾಮೆರಾ ತಂಡ, ವಿಶ್ರಾಂತಿಯಲ್ಲಿರುವ ಸೈನಿಕರು, ಜೊತೆಗೆ ತುತ್ತೂರಿಯ ಸಂಗೀತ. ಬದೀ ಸತ್ತನೋ ಬದುಕಿದನೋ? ನನಗೆ ಅದಕ್ಕಿಂತ ಆ ಎರಡು ಕಲ್ಲುಗಳೇ ಮುಖ್ಯ. ಕೆಲವು ವರ್ಷ ಒಬ್ಬ ಆಪ್ತರ ಜೊತೆ ಮಾತಾಡುವಾಗಲೆಲ್ಲ ಮಾತಿನ ನಡುವೆ ಕಲ್ಲುಗಳಿಗಾಗಿ ಕಿವಿಗೊಡುತ್ತಿದ್ದೆ. ಎಲ್ಲ ಮುಗಿಯಿತು ಎನ್ನುವವರು ಅದೇ ಉಸಿರಿನಲ್ಲಿ ಇನ್ನೇನು ಕೇಳುತ್ತಿದ್ದಾರೆ ಎಂದು ಗಮನಿಸುವುದನ್ನು ನನಗೆ ಕಲಿಸಿದ್ದು ಯಾವ ಮನಶ್ಶಾಸ್ತ್ರದ ಪುಸ್ತಕವೂ ಅಲ್ಲ. ಅದರ ವಿವರ ಇಲ್ಲಿ ಬೇಡ.

ಹಾಗಾದರೆ ನಿರ್ದೇಶಕರನ್ನೇ ಕೇಳಿಬಿಟ್ಟರೆ? ಕೇಳಿದವರಿದ್ದಾರೆ, ಉತ್ತರಿಸಿದವರೂ ಇದ್ದಾರೆ. ‘ಬ್ಲೇಡ್ ರನ್ನರ್’ನ (1982) ನಾಯಕ ಡೆಕಾರ್ಡ್ ಮನುಷ್ಯನೋ ಕೃತಕ ಮಾನವನೋ ಎಂಬ ಬಗ್ಗೆ ನಿರ್ದೇಶಕ ರಿಡ್ಲಿ ಸ್ಕಾಟ್ ಕೃತಕ ಎಂದರೆ, ಪಾತ್ರವನ್ನು ವಹಿಸಿದ ಹ್ಯಾರಿಸನ್ ಫೋರ್ಡ್ ಅವನು ಮನುಷ್ಯನೇ ಆಗಿರಬೇಕು ಎಂದು ವಾದಿಸಿದ್ದ. ಚಿತ್ರ ಮಾಡಿದವರಲ್ಲೇ ಒಮ್ಮತವಿರಲಿಲ್ಲ. ಆದರೂ ತೆರೆಯ ಮೇಲಿನ ಡೆಕಾರ್ಡ್ ಇಬ್ಬರ ಮಾತನ್ನೂ ತಾಳಿಕೊಂಡು ನಿಂತಿದ್ದಾನೆ. ತಾರ್ಕೋವ್‌ಸ್ಕಿಯಂತೂ ‘ಸ್ಟಾಕರ್’ ಚಿತ್ರದಲ್ಲಿ ಪಾತ್ರಗಳು ಹೊಗುವ, ‘ವಲಯ’ ಎಂದು ಕರೆಯುವ ನಿಷಿದ್ಧ ಪ್ರದೇಶ ಏನನ್ನು ಸಂಕೇತಿಸುತ್ತದೆ ಎಂದು ಕೇಳಿದವರಿಗೆಲ್ಲ, ಏನನ್ನೂ ಇಲ್ಲ, ವಲಯ ಎಂದರೆ ವಲಯ ಎಂದು ರೇಗಿದ್ದಾನೆ. ಜಪಾನಿನ ಕುರೊಸಾವಾ ಮಾತ್ರ ತಾಳ್ಮೆಯಿಂದ ವಿವರಿಸಿದವನು. ‘ರಾಶೋಮೊನ್’ (1950) ಚಿತ್ರೀಕರಣಕ್ಕೆ ಮುನ್ನ ಸಹಾಯಕ ನಿರ್ದೇಶಕರು ಮೂವರು ಬಂದು ಚಿತ್ರಕಥೆ ಅರ್ಥವಾಗುತ್ತಿಲ್ಲ ಎಂದಾಗ, ಮನುಷ್ಯರು ತಮ್ಮ ಬಗ್ಗೆ ತಮಗೇ ಪ್ರಾಮಾಣಿಕವಾಗಿ ಹೇಳಿಕೊಳ್ಳಲಾರರು, ಬಣ್ಣ ಹಚ್ಚದೆ ಮಾತಾಡಲಾರರು, ಈ ಚಿತ್ರಕಥೆ ಅಂಥವರದ್ದು ಎಂದು ತಿಳಿಸಿಕೊಟ್ಟದ್ದನ್ನು ಅವನೇ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಇಬ್ಬರು ಒಪ್ಪಿದರು, ಮೂರನೆಯವನಿಗೆ ಸಮಾಧಾನವಾಗಲಿಲ್ಲ. ನನಗೆ ಆ ಮೂರನೆಯವನ ಮೇಲೆ ಪ್ರೀತಿ. ಕುರೊಸಾವಾನ ವಿವರಣೆ ಸುಂದರವಾಗಿದೆ, ಸತ್ಯವೂ ಹೌದು. ಆದರೆ ಆ ಚಿತ್ರದಲ್ಲಿ ಕಾಡಿನ ಎಲೆಗಳ ನಡುವೆ ಬಿಸಿಲು ಮಿನುಗುವಾಗ ಆಗುವುದೇನೋ, ಅದು ಆ ವಿವರಣೆಯಲ್ಲಿಲ್ಲ.

ನಿರ್ದೇಶಕರಿಗಿಂತ ಹೆಚ್ಚು ಉಪಯೋಗಕ್ಕೆ ಬರುವವರು, ನನ್ನ ಅನುಭವದಲ್ಲಿ, ನಮ್ಮಂತೆಯೇ ಮನಸೋತು ಬೇರೆಯದೇ ಅರ್ಥ ಹಿಡಿದು ಕೂತಿರುವ ಇನ್ನೊಬ್ಬ ಪ್ರೇಕ್ಷಕರು. ಕಿಯರೊಸ್ತಾಮಿಯ ‘ಸರ್ಟಿಫೈಡ್ ಕಾಪಿ’ (2010) ಬಗ್ಗೆ ನಾನೂ ನನ್ನ ಒಬ್ಬ ಸ್ನೇಹಿತೆಯೂ ವರ್ಷಗಳಿಂದ ವಾದಿಸುತ್ತಿದ್ದೇವೆ. ಇಟಲಿಗೆ ಉಪನ್ಯಾಸಕ್ಕೆ ಬಂದ ಇಂಗ್ಲಿಷ್ ಲೇಖಕನೂ ಅಲ್ಲಿ ಕಲಾವಸ್ತುಗಳ ಅಂಗಡಿ ಇಟ್ಟಿರುವ ಫ್ರೆಂಚ್ ಹೆಂಗಸೂ ಅಪರಿಚಿತರಂತೆ ಭೇಟಿಯಾಗಿ ಸುತ್ತಾಡಲು ಹೊರಡುತ್ತಾರೆ. ಕೆಫೆಯೊಂದರ ಯಜಮಾನಿ ಅವರನ್ನು ಗಂಡಹೆಂಡತಿ ಎಂದು ಭಾವಿಸುತ್ತಾಳೆ. ಅಲ್ಲಿಂದ ಮುಂದೆ ಅವರಿಬ್ಬರೂ ಹದಿನೈದು ವರ್ಷದ ದಾಂಪತ್ಯದ ಹಳೆಯ ಜಗಳಗಳನ್ನು ಆಡತೊಡಗುತ್ತಾರೆ. ಅವರು ನಿಜವಾದ ದಂಪತಿ, ಮೊದಲ ಭಾಗದ ಅಪರಿಚಿತತನವೇ ಆಟ ಎಂಬುದು ಸ್ನೇಹಿತೆಯ ವಾದ. ಆಕೆಯ ಬಳಿ ಆಧಾರವಿದೆ: ಕೆಫೆಯಲ್ಲಿ ಲೇಖಕ ತಾನು ಹಿಂದೆ ಫ್ಲಾರೆನ್ಸಿನಲ್ಲಿ ಕಂಡ, ದೂರ ದೂರ ನಡೆಯುತ್ತಿದ್ದ ತಾಯಿ ಮಗನ ಕಥೆ ಹೇಳುವಾಗ ಆ ಹೆಂಗಸಿನ ಕಣ್ಣಲ್ಲಿ ನೀರು ಬರುತ್ತದೆ, ಯಜಮಾನಿ ಇನ್ನೂ ತಪ್ಪು ತಿಳಿದುಕೊಳ್ಳುವ ಮೊದಲೇ. ಅವರು ಅಪರಿಚಿತರೇ, ಬೇರೆ ಯಾರೊಂದಿಗೋ ಮುಗಿಸಲಾಗದೆ ಉಳಿದ ಜಗಳವನ್ನು ಒಬ್ಬರಿಗೊಬ್ಬರು ಸಾಲ ಕೊಡುತ್ತಿದ್ದಾರೆ ಎಂಬುದು ನನ್ನ ವಾದ. ಲೇಖಕ ಇಂಗ್ಲಿಷ್ ಬಿಟ್ಟು ಆಕೆಯ ಫ್ರೆಂಚಿಗೆ ಬರುವುದು ಆ ತಪ್ಪು ತಿಳಿವಳಿಕೆಯ ನಂತರವೇ ಎಂಬುದು ನನ್ನ ಆಧಾರ.

ವಿಚಿತ್ರವೆಂದರೆ, ದಾಂಪತ್ಯದಿಂದ ಹೊರಬಂದು ಒಂಟಿಯಾಗಿ ಬದುಕುತ್ತಿರುವುದು ಆಕೆ, ಬಹುಕಾಲದಿಂದ ಸಂಸಾರಸ್ಥನಾಗಿರುವುದು ನಾನು. ನಮ್ಮ ಬದುಕನ್ನು ನೋಡಿ ಊಹಿಸಿದವರು ಯಾರದು ಯಾವ ವಾದ ಎಂಬುದನ್ನು ತಪ್ಪಾಗಿಯೇ ಊಹಿಸುತ್ತಾರೆ. ಸದ್ಯ ಜಗಳ ರೈಲಿನ ಮೇಲೆ ಬಂದು ನಿಂತಿದೆ. ಒಂಬತ್ತು ಗಂಟೆಗೆ ನಿಲ್ದಾಣದಲ್ಲಿರಬೇಕು ಎಂದು ಲೇಖಕ ಮೊದಲೇ ಹೇಳಿರುತ್ತಾನೆ. ಕೊನೆಯ ದೃಶ್ಯದಲ್ಲಿ ಕನ್ನಡಿಯಲ್ಲಿ ಮುಖ ನೋಡಿಕೊಂಡು ಚೌಕಟ್ಟಿನಿಂದ ಹೊರಗೆ ಹೋಗುತ್ತಾನೆ. ಅವನು ರೈಲು ಹತ್ತುವುದಿಲ್ಲ ಎಂದು ನಾನು ಹೇಳುತ್ತೇನೆ. ಹತ್ತೇ ಹತ್ತುತ್ತಾನೆ, ಗಂಡನಾದ್ದರಿಂದಲೇ ಹತ್ತುತ್ತಾನೆ ಎಂದು ಆಕೆ.